ಮೂವತ್ತಾರು ಎಳೆಯ ಕೇಬಲ್ಲು

ಯಂತ್ರಕ್ಕೆ ಹೆದರುವವನ ಕೈಗೇ ಯಂತ್ರಗಳು ಬಂದು ಬೀಳುತ್ತವೆ. ನನ್ನ ಇಡೀ ನೌಕರಿಯಲ್ಲಿ ಇದು ತಪ್ಪಿದ್ದೇ ಇಲ್ಲ. ಎಪ್ಪತ್ತೊಂಬತ್ತರಲ್ಲಿ ನಾನು ಮೈಸೂರಿನ ಒಂದು ಟೈಪ್‌ರೈಟರ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ, ಮೇಜಿನ ಮೇಲಿಡುವ ಕಂಪ್ಯೂಟರೊಂದನ್ನು ನಮ್ಮ ಮಾಲೀಕರು ಮಂಡ್ಯದ ಕಬ್ಬು ಬೆಳೆಗಾರರ ಸಂಘವೊಂದಕ್ಕೆ ಮಾರಿದ್ದರು. ತಿಂಗಳಾದ ಮೇಲೆ ಪ್ರಿಂಟರೂ ಬಂತು. ಎರಡನ್ನೂ ಜೋಡಿಸಲು ಕಂಪ್ಯೂಟರಿನ ಬೆನ್ನಿಗೆ ಪ್ಯಾರಲಲ್ ಪೋರ್ಟು ಎಂಬ ಉದ್ದನೆಯ ಕಿಂಡಿ. ಒಂದೊಂದು ಅಕ್ಷರವೂ ಎಂಟು ಚೂರಾಗಿ, ಎಂಟು ಎಳೆಗಳಲ್ಲಿ ಒಟ್ಟಿಗೇ ಅದರ ಮೂಲಕ ಓಡಬೇಕು. ನನ್ನ ಪಾಲಿಗೆ ಒಂದು ಚೂರೂ ಓಡಲಿಲ್ಲ.

"ಶನಿವಾರದೊಳಗೆ ಕಬ್ಬಿನ ಕಟಾವು ಪಟ್ಟಿ ಅಚ್ಚಾಗಬೇಕು. ಇಲ್ಲದಿದ್ರೆ ನೀನು ಮೈಸೂರಿಗೆ ವಾಪಸ್ ಬರೋದೇ ಬೇಡ" ಅಂದರು ಮಾಲೀಕರು. ಮೂರು ವರ್ಷ ಅಲೆದು ಸಿಕ್ಕಿದ್ದ ಕೆಲಸ. ಅಂದೇ ಮಂಡ್ಯದ ಬಸ್ಸು ಹತ್ತಿದೆ.

೧. ಮಳವಳ್ಳಿಯ ಹಿರಿಯರು

ಸಂಘದ ವಾಚ್‌ಮನ್ ಮಳವಳ್ಳಿ ಕಡೆಯವರು, ಶಿವನಸಮುದ್ರದ ಪವರ್ ಹೌಸಿನಲ್ಲಿ ದುಡಿದು ನಿವೃತ್ತರಾದವರು. ನಾನು ಕೇಬಲ್ ಬಿಚ್ಚುವುದನ್ನು ನೋಡಿ, ಅದರಲ್ಲಿ ಎಳೆ ಎಷ್ಟು ಎಂದು ಕೇಳಿದರು. ಅಕ್ಷರಕ್ಕೆ ಎಂಟು, ಮಿಕ್ಕವು ಬೇರೆ ಸಂಕೇತಗಳಿಗೆ, ಒಟ್ಟು ಮೂವತ್ತಾರು ಅಂದೆ.

"ಅಯ್ಯಯ್ಯಪ್ಪೋ! ನಮ್ ಪವರ್ ಅವುಸ್ನಾಗೆ ಒಂದ್ ತಂತಿ ಮುಟ್ಟುದ್ರೇ ಆಳು ಇದ್ದಿಲಾಯ್ತಿದ್ದ. ಮೂವತ್ತಾರಾ? ಏಳ್ರಪ್ಪೋ ಎಲ್ರೂವೆ!"

ಗುಮಾಸ್ತರೆಲ್ಲ ಹೊರಗೆ ದೌಡು. ಟೈಪಿಸ್ಟಮ್ಮ ಬರಿಗಾಲಲ್ಲಿ ಓಡಿದವರು, ಚಪ್ಪಲಿ ರಬ್ಬರಿನದೆಂದು ನೆನಪಾಗಿ ವಾಪಸ್ ಬಂದು, ಮೆಟ್ಟಿಕೊಂಡು ಮತ್ತೆ ಓಡಿದರು.

"ಯಜಮಾನ್ರೇ, ಇದರಲ್ಲಿ ಟಾರ್ಚಿನಲ್ಲಿರುವಷ್ಟೇ ಕರೆಂಟು. ಹೆದರಬೇಡಿ" ಅಂದೆ.

ಅವರು ನನ್ನನ್ನೇ ದಿಟ್ಟಿಸಿದರು. "ಅಂಗಾರೆ ನಿಮ್ ಕೈ ಯಾಕ್ ಸಾಮಿ ಅಂಗ್ ನಡುಗ್ತಾವೆ?"

೨. ಮದ್ದೂರಿನ ಸಾಬರು

ಕಂಪ್ಯೂಟರು ಬಿಚ್ಚುವ ಧೈರ್ಯ ನನಗಿಲ್ಲ, ದೋಷ ಕೇಬಲ್ಲಿನಲ್ಲೇ ಇರಲಿ ದೇವರೇ ಎಂದು ಬೇಡಿಕೊಂಡು ಗುರುವಾರ ಮದ್ದೂರಿನ ಬಸ್ಸು ಹತ್ತಿದೆ. ಅಲ್ಲಿ ರೇಡಿಯೋ ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಒಂದು ಸೆಲ್ಲು, ಒಂದು ಪುಟ್ಟ ಬಲ್ಬು ಇಟ್ಟುಕೊಂಡು ಎಳೆ ಎಳೆಯನ್ನೂ ಪರೀಕ್ಷಿಸಿದರು. ಬಲ್ಬು ಹತ್ತಿದರೆ ಎಳೆ ಸರಿಯಿದೆ ಎಂದರ್ಥ. ಮೂವತ್ತಾರನೆಯದಕ್ಕೂ ಹತ್ತಿತು.

"ಒಂದೂ ಖರಾಬಾಗಿಲ್ಲ ಸಾರ್."

"ಸರಿಯಾಗಿ ನೋಡಿ ಸಾಬರೇ. ಒಂದಾದರೂ ಕಡಿದಿರಲೇಬೇಕು. ಇಲ್ಲದಿದ್ರೆ ನನ್ನ ಕೆಲಸ ಹೋಗುತ್ತೆ."

ಸಾಬರು ನನ್ನ ಮುಖ ನೋಡಿ ಮರುಗಿದರು. ಮೆಲ್ಲಗೆ ಕತ್ತರಿ ಎತ್ತಿಕೊಂಡು, "ಬೇಕಾದ್ರೆ ಒಂದು ಕತ್ತರಿಸಿ ಕೊಡ್ಲಾ ಸಾರ್?" ಅಂದರು.

೩. ಮಂಡ್ಯದ ಶನಿವಾರ

ಹೊರಗೆ ಕೆರಗೋಡು ಕಡೆಯ ಬೆಳೆಗಾರರು, ಯಾರ ಕಬ್ಬು ಯಾವಾಗ ಕಡಿಯಬೇಕೆಂಬ ಕಟಾವು ಪಟ್ಟಿಗಾಗಿ ಕೂತಿದ್ದರು. "ಕಬ್ಬು ಒಣಗೋಯ್ತಾ ಅದೆ ಕಣಪ್ಪಾ, ಯಾವಾಗ್ ಕೊಟ್ಟೀಯೆ?" ಎಂದು ಕಿಟಕಿಯಲ್ಲಿ ಕೂಗುತ್ತಿದ್ದರು. ನಾನು ಕಂಪ್ಯೂಟರಿನ ಹಿಂದೆ ಮಂಡಿಯೂರಿ ಕಿಂಡಿಯೊಳಗೆ ಟಾರ್ಚು ಬಿಟ್ಟೆ. ಒಳಗೆಲ್ಲ ಕೆಂಪು! ತುಕ್ಕು ಹಿಡಿದೇಹೋಗಿದೆ ಎಂದುಕೊಂಡೆ. ಕಡ್ಡಿಯಿಂದ ಕೆರೆದು ಮೂಸಿದೆ. ಎಣ್ಣೆಯಲ್ಲಿ ಕಲಸಿದ ಕುಂಕುಮ.

ಹೆಡ್ ಗುಮಾಸ್ತರು ಹೆಮ್ಮೆಯಿಂದ ವಿವರಿಸಿದರು: "ಆಯುಧಪೂಜೇಲಿ ಇಟ್ಟಿದ್ದು. ಕಡ್ಡೀಲಿ ಅದ್ದಿ ಅದ್ದಿ ಕಿಂಡಿಯ ಮೂವತ್ತಾರು ತೂತಿಗೂ ಇಟ್ಟವ್ರೆ. ಒಂದಕ್ಕಿಟ್ಟು ಒಂದಕ್ಕೆ ಬುಟ್ರೆ ಆದಾತಾ?"

"ಯಾವ ಪುಣ್ಯಾತ್ಮ ರೀ ಇಟ್ಟಿದ್ದು?"

"ನಿಮ್ ಮಾಲೀಕ್ರೇ! ಹಬ್ಬದ ದಿನ ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಬಂದಿದ್ರು."

ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎಲ್ಲ ತೊಳೆದೆ. ಒಣಗಿಸಿ ಕೇಬಲ್ ಸಿಕ್ಕಿಸಿದೆ. ಪ್ರಿಂಟರು ಕಿರ್ರೆಂದು ಅರಚಿತು, ಗುಮಾಸ್ತರು ಬಾಗಿಲಿಗೆ ಓಡಿದರು, ಪಟ್ಟಿ ಅಚ್ಚಾಗಿ ಬಂತು. ನನ್ನ ಕಣ್ಣಲ್ಲಿ ನೀರೇ ಬಂತು.

ಸೋಮವಾರ ಮಾಲೀಕರ ಮುಂದೆ ನಿಂತಾಗ ಭಯ ಇನ್ನೂ ಹೆಚ್ಚಾಯಿತು.

"ಏನಾಗಿತ್ತಯ್ಯ ಪೋರ್ಟಿಗೆ?"

ನಿಜ ಹೇಳಿದರೆ ಉಳಿಸಿಕೊಂಡ ಕೆಲಸವೂ ಹೋದೀತು. "ಧೂಳು ಸಾರ್. ಸಂದಿಯಲ್ಲೆಲ್ಲ ಕೆಂಪು ಧೂಳು."

ಅವರ ಮುಖ ಸಪ್ಪಗಾಯಿತು. "ಹಾಗಾದ್ರೆ ನಾನು ಮಾಡಿದ ಪೂಜೆ ಸಾಲಲಿಲ್ಲ. ನಿನ್ನ ಕೆಲಸ ಖಾಯಂ ಕಣಯ್ಯ. ಮುಂದಿನ ಆಯುಧಪೂಜೆಗೆ ನಮ್ಮ ಗಿರಾಕಿಗಳ ಎಲ್ಲ ಆಫೀಸಿಗೂ ನೀನೇ ಹೋಗು. ಒಂದು ಸಂದೀನೂ ಬಿಡದೆ ಗಟ್ಟಿಯಾಗಿ ಕುಂಕುಮ ತುಂಬಿಸಿ ಬಾ!"