ಪಿ.ಟಿ. ಮೇಷ್ಟ್ರ ಮನೆಯ ಪಿ.ಟಿ.

ಡಾಕ್ಟರ ಚೀಟಿಯ ಕೊನೆಯ ಸಾಲು ಓದಿ ನನ್ನ ಎದೆ ಎರಡಂಗುಲ ಉಬ್ಬಿತು. ಅಷ್ಟು ದೊಡ್ಡ ಆಸ್ಪತ್ರೆಯ ಅಷ್ಟು ದೊಡ್ಡ ಡಾಕ್ಟರು ನನ್ನ ಹೆಂಡತಿ ಸರೋಜಳಿಗೆ ಬರೆದಿದ್ದರು: ‘ದಿನಾಲೂ ಪಿ.ಟಿ.’ “ಇದಕ್ಕಾಗಿ ಇಷ್ಟು ದೂರ ಬರಬೇಡಿ, ನಿಮ್ಮ ಊರ ಕಡೆಯೇ ಮಾಡಿಸಿ” ಎಂದೂ ಹೇಳಿದ್ದರು. ತ್ರಾಸಿ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಮೇಷ್ಟ್ರಾಗಿರುವವನು ಇನ್ಯಾರನ್ನು ಹುಡುಕಬೇಕು? ಮನೆಯಲ್ಲೇ ಇದ್ದೇನಲ್ಲ!

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಕಳಚಿಹೋಗುತ್ತದಂತೆ. ನಡೆ ಎಂದು ತಲೆ ಹೇಳಿದ್ದು ಕಾಲಿಗೆ ಸರಿಯಾಗಿ ತಲುಪುವುದಿಲ್ಲ. ಪೂರ್ತಿ ಗುಣವಾಗುವುದಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತೆರಡರ ಸರೋಜ ಗೋಡೆ ಹಿಡಿದು ನಡೆಯುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಅವಳನ್ನು ಮೊದಲಿನಂತೆ ನಡೆಸಿಯೇ ಸಿದ್ಧ ಎಂದು ಹಟ ಹಿಡಿದೆ.

ಮರುದಿನವೇ ಅಂಗಳದಲ್ಲಿ ತರಬೇತಿ ಆರಂಭ. ಸೀಟಿ, ಬಿಳಿ ಬೂಟು, ಹಾಜರಿ ಪುಸ್ತಕ! ಪುಸ್ತಕದಲ್ಲಿ ಒಂದೇ ಹೆಸರು.

“ಸಾವಧಾನ್!”

“ಹ್ವಾಯ್, ಒಂದ್ಗಳಿಗಿ ಕೂಕಂತೆ. ಕಾಲ್ ಏಳುದಿಲ್ಲ.”

“ಅದ್ ಸೋಮಾರಿತನ ಮಾರಾಯ್ತಿ. ಏಕ್, ದೋ!”

ಮೀನು ಮಾರಲು ಬಂದ ಜಲಜಕ್ಕ ಬುಟ್ಟಿ ಹೊತ್ತೇ ನಿಂತು ನೋಡಿದಳು. “ಮೇಷ್ಟ್ರೇ, ಇವ್ರನ್ನ್ ಮಿಲಿಟ್ರಿಗ್ ಕಳ್ಸುಕಿತ್ತಾ?”

ನಾಲ್ಕು ದಿನದಲ್ಲಿ ಕಾಲು ಇನ್ನಷ್ಟು ಬಿಗಿಯಿತು. ಐದನೆಯ ದಿನ ಶಾಲೆಗೆ ರಜೆ ಹಾಕಿದೆ. ಅವಳ ಕಾಲಿಗೆ ಎಣ್ಣೆ ತಿಕ್ಕಿ, ಹಂಡೆ ತುಂಬ ನೀರು ಕಾಯಿಸಿ, ಹಬೆಯಾಡುವ ನೀರಲ್ಲಿ ಮೀಯಿಸಿದೆ. ಮೈಬಿಸಿ ಆರುವ ಮೊದಲೇ ಹತ್ತು ಗಂಟೆಯ ಬಿಸಿಲಿಗೆ ಕರೆತಂದೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ವಾರ್ಮಪ್ ಎನ್ನುತ್ತಾರೆ!

“ಕಣ್ಣ್ ಮಂಜಾತಾ ಇತ್ತ್” ಅಂದಳು.

“ನಡೂದ್ ಕಾಲ್, ಕಣ್ಣಲ್ಲ” ಅಂದೆ. ಎಂಥ ಮಾತಿನ ಮಲ್ಲ ನಾನು!

ಮೂರನೆಯ ಹೆಜ್ಜೆಗೆ ಅವಳು ಕುಸಿದಳು. ಹಿಡಿಯಲು ಹಾರಿದ ಮಾನ್ಯ ದೈಹಿಕ ಶಿಕ್ಷಕರು ತಮ್ಮದೇ ಬೂಟಿನ ಲೇಸು ಮೆಟ್ಟಿ ಪಕ್ಕದಲ್ಲೇ ಬೋರಲು ಬಿದ್ದರು. ಬಾಯಲ್ಲಿದ್ದ ಸೀಟಿ ತಾನಾಗಿ ಊದಿತು. ಆಗಷ್ಟೇ ಮೀನು ಹೊತ್ತು ಬಂದಿದ್ದ ಜಲಜಕ್ಕ ಬುಟ್ಟಿ ಇಳಿಸಿ ಓಡಿ ಬಂದು ಇಬ್ಬರನ್ನೂ ಎಬ್ಬಿಸಿದಳು. ನಾನು ನಿಂತೆ. ಸರೋಜಳಿಗೆ ನಿಲ್ಲಲಾಗಲಿಲ್ಲ. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ರಿಕ್ಷಾ ಮಾಡಿಸಿ ಕುಂದಾಪುರದ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ನೋಡಿ, ಮೂಳೆಗೇನೂ ಆಗಿಲ್ಲ ಎಂದು, ದೊಡ್ಡಾಸ್ಪತ್ರೆಯ ಆ ಚೀಟಿಯ ಸಮೇತ ಒಳಗಿನ ಕೋಣೆಗೆ ಕಳಿಸಿದರು. ಅಲ್ಲಿದ್ದ ಹುಡುಗಿ ಫಿಸಿಯೋಥೆರಪಿಸ್ಟ್.

“ಸರ್, ಪಿ.ಟಿ. ಅಂದ್ರೆ ಫಿಸಿಯೋಥೆರಪಿ. ಇಷ್ಟ್ ದಿನ ಯಾರತ್ರ ಮಾಡ್ಸಿದ್ರಿ?”

“ಒಬ್ಬ ಮೇಷ್ಟ್ರ ಹತ್ರ.”

“ಎಂತ ಮೇಷ್ಟ್ರು ಅವ್ರು! ತಲೆ ಸರಿ ಇತ್ತಾ?”

ಸರೋಜ ಮಲಗಿದಲ್ಲಿಂದಲೇ ಅಂದಳು: “ಮೊದ್ಲ್ ಸರಿ ಇದ್ದಿತ್.”

ಈ ಕಾಯಿಲೆಯವರಿಗೆ ಮೈ ಬಿಸಿಯಾದರೆ ಕಾಲಿನ ಬಲ, ಕಣ್ಣಿನ ದೃಷ್ಟಿ ಎರಡೂ ಕುಗ್ಗುತ್ತವೆ, ತಣಿದ ಮೇಲೆ ಸಾಮಾನ್ಯವಾಗಿ ವಾಪಸು ಬರುತ್ತವೆ ಎಂದು ಆ ಹುಡುಗಿ ತಿಳಿಸಿದಳು. ವ್ಯಾಯಾಮ ಬೇಕೇ ಬೇಕು, ಆದರೆ ತಂಪಿನಲ್ಲಿ, ಸ್ವಲ್ಪ ಸ್ವಲ್ಪ, ನಡುನಡುವೆ ಸುಧಾರಿಸಿಕೊಂಡು. “ಸುಸ್ತ್ ಅಂದ್ರೆ ನಿಲ್ಸಿ. ಅದ್ ಸೋಮಾರಿತನ ಅಲ್ಲ ಸರ್, ಕಾಯ್ಲೆ.” ನಾನು ನೆಲ ನೋಡಿದೆ. ಸರೋಜಳ ಕಾಯಿಲೆಗೇ ನಾನು ಬೈದಿದ್ದೆ.

ಈಗ ಬೆಳಿಗ್ಗೆ ಫ್ಯಾನಿನ ಕೆಳಗೆ, ಕುತ್ತಿಗೆಗೆ ಒದ್ದೆ ಬೈರಾಸು ಸುತ್ತಿಕೊಂಡು, ಸರೋಜ ಕುರ್ಚಿಯಿಂದ ಐದು ಸಲ ಎದ್ದು ಕೂರುತ್ತಾಳೆ. ಕುರ್ಚಿ ಜಾರದಂತೆ ಹಿಡಿದುಕೊಳ್ಳುವುದು ನನ್ನ ಕೆಲಸ. ಬಡ್ತಿಯೇ ಸರಿ!

ಮೊನ್ನೆ ನಾಲ್ಕನೆಯ ಸಲಕ್ಕೆ ಕೂತವಳು ಏಳಲಿಲ್ಲ.

“ಹ್ವಾಯ್, ನಾಳೆ ಇದೂ ಆತಿಲ್ಲ ಅಂದ್ರೆ ಎಂತ ಮಾಡ್ತ್ರಿ?”

ಶಾಲೆಯಲ್ಲಾದರೆ ನನ್ನಲ್ಲಿ ಉತ್ತರವಿತ್ತು: ಇನ್ನೊಂದು ಸುತ್ತು ಓಡು! ಇಲ್ಲಿ ಕುರ್ಚಿ ಹಿಡಿದೇ ಅವಳ ಪಕ್ಕ ಕುಕ್ಕರಿಸಿದೆ.

“ಗೊತ್ತಿಲ್ಲ ಮಾರಾಯ್ತಿ” ಅಂದೆ.

ಅವಳು ನನ್ನ ಕೈ ಮೇಲೆ ಕೈಯಿಟ್ಟಳು. “ನಂಗೂ ಗೊತ್ತಿಲ್ಲ. ಇಷ್ಟ್ ದಿನದಗೆ ಇವತ್ತ್ ಒಂದ್ ಸರಿಯಾದ್ ಉತ್ರ ಹೇಳ್ದ್ರಿ.”

ಒಂದೇ ಸರಿಯುತ್ತರಕ್ಕೆ ತಾನು ಪಾಸೋ ಫೇಲೋ ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ.