ಒಂದೇ ಸೀಟು ಖಾಲಿಯೆಂದು ಕೂಗುವ ವಂಬುಗು ಅವರಿಗೆ

ನೈರೋಬಿ,
೧೪ ಜೂನ್ ೨೦೧೬

ಹರ್ಲಿಂಗ್‌ಹ್ಯಾಮ್ ಮಾರ್ಗದ ಹಸಿರು ಮಟಾಟು ವ್ಯಾನಿನ ಬಾಗಿಲಲ್ಲಿ ಒಂದೇ ಕಾಲೂರಿ ವಿರಾಜಮಾನರಾಗಿರುವ, ಕಂಡಕ್ಟರ್ ಶ್ರೇಷ್ಠರಾದ ವಂಬುಗು ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಈ ಊರಿಗೆ ಬಂದು ಇಪ್ಪತ್ತೆರಡು ವರ್ಷಗಳಾದ, ಮೈಸೂರು ಕಡೆಯ ಮೇಷ್ಟ್ರು ದ್ವಾರಕಾನಾಥ್ ಮಾಡುವ ನಮಸ್ಕಾರಗಳು. ತಾವೂ, ತಮ್ಮ ವಾಹನವೂ, ಅದರೊಳಗಿನ ಎದೆ ನಡುಗಿಸುವ ಸ್ಪೀಕರುಗಳೂ ಕ್ಷೇಮವೆಂದು ನಂಬಿದ್ದೇನೆ. ಈ ದೂರನ್ನು ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ, ಅದೂ ಕನ್ನಡದಲ್ಲಿ, ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲೂ ನನ್ನ ಅರೆಬರೆ ಸ್ವಾಹಿಲಿಯಲ್ಲೂ ತಮ್ಮೊಡನೆ ವಾದಿಸಿ ಸೋತಾಗಿದೆ. ತಾವು ಮರುಮಾತು ಆಡಲಾಗದ ಭಾಷೆ ನನ್ನ ಬಳಿ ಉಳಿದಿರುವುದು ಇದೊಂದೇ.

ತಮಗೆ ನನ್ನ ವೃತ್ತಿಯ ನೆನಪಿರಬಹುದು. ಹರ್ಲಿಂಗ್‌ಹ್ಯಾಮಿನ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಸಣ್ಣ ಕಾಲೇಜಿನಲ್ಲಿ ನಾನು ಮನವೊಲಿಕೆ ಮತ್ತು ವಾದಕಲೆಯನ್ನು ಬೋಧಿಸುತ್ತೇನೆ, ಅಂದರೆ ಮನುಷ್ಯರು ಮನುಷ್ಯರನ್ನು ಮಾತಿನಿಂದ ಹೇಗೆ ಒಪ್ಪಿಸುತ್ತಾರೆ, ಆ ಮಾತಿನಲ್ಲಿ ಮೋಸವಿದ್ದರೆ ಅದನ್ನು ಹೇಗೆ ಪತ್ತೆಹಚ್ಚಬೇಕು ಎಂಬುದನ್ನು. ಇಂಥ ನಾನು ಫೆಬ್ರವರಿಯ ಒಂದು ಬೆಳಿಗ್ಗೆ ನಗರದ ನಡುವಿನ ನಿಲ್ದಾಣದಲ್ಲಿ ತಮ್ಮ ಕೂಗು ಕೇಳಿ ಇಣುಕಿದಾಗ ಹದಿನಾಲ್ಕು ಸೀಟುಗಳಲ್ಲಿ ಹದಿಮೂರು ಭರ್ತಿಯಾಗಿದ್ದವು. ಪೇಪರ್ ಓದುವ ಮಹನೀಯರೊಬ್ಬರು, ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡ ಅಜ್ಜಿಯೊಬ್ಬರು, ಎಲ್ಲರೂ ಈಗಲೋ ಆಗಲೋ ಹೊರಡುವವರಂತೆ ಗಂಭೀರವಾಗಿ ಕುಳಿತಿದ್ದರು. ತಾವು "ಸಸಾ ಹಿವಿ, ಮ್ವಾಲಿಮು!" ಎಂದಿರಿ. ಈಗಲೇ ಹೊರಟೆವು ಮೇಷ್ಟ್ರೇ, ಎಂದು ಅರ್ಥ. ನಾನು ಹತ್ತಿ ಕುಳಿತೆ.

ಕುಳಿತ ಮೇಲೆ ಮೊದಲು ಪೇಪರಿನವರು ಇಳಿದರು. ಪ್ರಯಾಣಿಕನೊಬ್ಬ ಹತ್ತಿದಂತೆಲ್ಲ ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಮಿಕ್ಕವರೂ ಇಳಿದರು. ಕೊನೆಗೆ ಅಜ್ಜಿಯೂ ಕೋಳಿಯೂ ಇಳಿದು, ಪಕ್ಕದಲ್ಲಿ ನಿಂತಿದ್ದ ತಮ್ಮದೇ ಇನ್ನೊಂದು ಗಾಡಿಯಲ್ಲಿ ಅಷ್ಟೇ ಗಂಭೀರವಾಗಿ ಕುಳಿತಾಗ, ಅವರಾರೂ ಪ್ರಯಾಣಿಕರಲ್ಲ, ಸೀಟು ತುಂಬಿಸಿ ತೋರಿಸಲು ತಾವು ನೇಮಿಸಿದವರು ಎಂಬುದು ನನಗೆ ಹೊಳೆಯಿತು. ನಾಲ್ವರು ನಂಬಿದರೆಂದು ಐದನೆಯವನೂ ನಿಜವೆಂದು ನಂಬುವ ಈ ದೋಷ ನನ್ನ ಪಠ್ಯದ ನಾಲ್ಕನೆಯ ಅಧ್ಯಾಯ. ಅದನ್ನು ಹದಿನೇಳು ವರ್ಷ ಪಾಠ ಮಾಡಿದವನು ಮೂವತ್ತೈದು ನಿಮಿಷ ತಡವಾಗಿ ತರಗತಿ ಸೇರಿದೆ.

ಮರುದಿನದಿಂದ ತಮ್ಮನ್ನು ಸರಿದಾರಿಗೆ ತರುವ ಹಟ ತೊಟ್ಟೆ. ಒಂದು ದಿನ ತರ್ಕದಿಂದ, ಒಂದು ದಿನ ಕರುಣೆ ಉಕ್ಕಿಸುವ ಮಾತಿನಿಂದ, ಇನ್ನೊಂದು ದಿನ ನನ್ನ ನರೆಗೂದಲನ್ನೇ ಮುಂದಿಟ್ಟುಕೊಂಡು ವಾದಿಸಿದೆ. ತಾವು ಒಂದನ್ನೂ ಖಂಡಿಸಲಿಲ್ಲ. "ಸವಾ, ಸವಾ" ಎಂದು ಎಲ್ಲಕ್ಕೂ ಒಪ್ಪಿ, ನನ್ನ ಬ್ಯಾಗನ್ನು ಅಕ್ಕರೆಯಿಂದ ಕೈಗೆತ್ತಿಕೊಂಡು ಒಳಗಿಟ್ಟುಬಿಡುತ್ತಿದ್ದಿರಿ, ಬ್ಯಾಗಿನ ಹಿಂದೆ ನಾನೂ ಹೋಗುತ್ತಿದ್ದೆ. ಎದುರಾಳಿಯ ವಾದವನ್ನು ಬಿಟ್ಟು ಅವನ ಬ್ಯಾಗನ್ನು ಎತ್ತಿಕೊಳ್ಳುವ ಈ ವಿಧಾನ ಗ್ರೀಕರಿಗಾಗಲಿ ನಮ್ಮ ನೈಯಾಯಿಕರಿಗಾಗಲಿ ಗೊತ್ತಿದ್ದಂತೆ ಕಾಣೆ. ಏಪ್ರಿಲ್ ಹೊತ್ತಿಗೆ ತಾವು ನನ್ನನ್ನು ಪ್ರತಿದಿನವೂ ಕಿಟಕಿಯ ಪಕ್ಕವೇ ಕೂರಿಸುತ್ತಿರುವುದನ್ನು ಗಮನಿಸಿದೆ. ಗೌರವವೆಂದು ಹಿಗ್ಗಿದ್ದೆ. ನನ್ನ ಹೆಂಡತಿ ಜಯಾ ಒಮ್ಮೆ ಜೊತೆಗೆ ಬಂದವಳು ಐದೇ ನಿಮಿಷದಲ್ಲಿ ವಿಷಯ ಗ್ರಹಿಸಿ, "ರೀ, ಟೈ ಕಟ್ಕೊಂಡು ಕೂತಿರೋ ನಿಮ್ಮನ್ನ ನೋಡಿ ಗಾಡಿ ಕರೆಕ್ಟ್ ಟೈಮಿಗೆ ಹೊರಡುತ್ತೆ ಅಂತ ಜನ ಹತ್ತುತಾ ಇದಾರೆ. ನೀವೂ ಆ ಕೋಳಿ ಅಜ್ಜಿನೂ ಒಂದೇ ಈಗ" ಎಂದಳು. ಹದಿನೇಳು ವರ್ಷ ವಾದ ಮಾಡುವುದನ್ನು ಕಲಿಸಿದವನು ತಮ್ಮ ಕೃಪೆಯಿಂದ ಸ್ವತಃ ಒಂದು ವಾದವಾಗಿಬಿಟ್ಟಿದ್ದೆ.

ಆದರೆ ಮಾನ್ಯರೇ, ನನ್ನ ನಿಜವಾದ ದೂರು ಇದಾವುದೂ ಅಲ್ಲ. ಕಳೆದ ತಿಂಗಳು ನಡೆದದ್ದರ ಕುರಿತು. ನಮ್ಮ ಪ್ರಾಂಶುಪಾಲರಾದ ಮಂಗಳೂರಿನ ಲಾರೆನ್ಸ್ ಅವರು ನನ್ನನ್ನು ಕರೆದು, "ಎಂತ ಮಾಡುದು ಮಾರಾಯ್ರೇ, ನಿಮ್ಮ ಕೋರ್ಸಿಗೆ ಮೂರೇ ಜನ. ಶುಕ್ರವಾರದ ಡೆಮೋ ಕ್ಲಾಸಿನ ನಂತರ ಹನ್ನೆರಡು ಹೆಸರಾಗದಿದ್ರೆ ಆ ರೂಮು ಹೇರ್ ಡ್ರೆಸ್ಸಿಂಗ್‌ನವರಿಗೆ" ಎಂದರು. ನನಗೆ ಐವತ್ತೆಂಟು. ಬೇರೆ ಯಾವ ವಿದ್ಯೆಯೂ ಬಾರದು, ತಲೆ ಬಾಚುವುದಂತೂ ಸ್ವಂತದ್ದೂ ಸರಿಯಾಗಿ ಬಾರದು. ಆ ಗುರುವಾರ ತಮ್ಮ ಗಾಡಿಯಲ್ಲಿ ಕುಳಿತು ಇದನ್ನು ತಮಗೆ ಹೇಳಿದೆ, ನಾಳೆಯಾದರೂ ಬೇಗ ಹೊರಡಲಿ ಎಂಬ ಆಸೆಯಿಂದ. ತಾವು ಅಂದು "ಸವಾ" ಎನ್ನಲಿಲ್ಲ, ಕ್ಲಾಸು ಎಷ್ಟು ಗಂಟೆಗೆ ಎಂದಷ್ಟೇ ಕೇಳಿದಿರಿ. ಮೊದಲ ಸಲ ತಮ್ಮನ್ನು ಸಮಯಪಾಲನೆಗೆ ಒಪ್ಪಿಸಿದೆನೆಂದು ನಾನು ತಪ್ಪು ತಿಳಿದೆ.

ಶುಕ್ರವಾರ ಹತ್ತು ಗಂಟೆಗೆ ತರಗತಿಯ ಬಾಗಿಲು ತೆರೆದರೆ ಮುಂದಿನ ಸಾಲಿನಲ್ಲಿ ಪೇಪರಿನವರು, ಅವರ ಪಕ್ಕ ಕೋಳಿ ಸಮೇತ ಅಜ್ಜಿ, ಅವರ ಹಿಂದೆ ತಮ್ಮ ಪರಿವಾರವೆಲ್ಲ ನೋಟುಬುಕ್ಕು ಬಿಡಿಸಿಕೊಂಡು ಕುಳಿತಿತ್ತು. ತಾವು ಕಾರಿಡಾರಿನಲ್ಲಿ ಒಂದೇ ಕಾಲೂರಿ ನಿಂತು, ಬೇರೆ ತರಗತಿಗಳಿಗೆ ಹೋಗುತ್ತಿದ್ದವರಿಗೆ, ಒಂದೇ ಸೀಟು ಉಳಿದಿದೆ, ಶುರುವಾಗೇ ಹೋಯಿತು ಎಂದು ಕೂಗುತ್ತಿದ್ದಿರಿ. ಜನ ಇಣುಕಿದರು, ಒಳಬಂದರು. ಒಬ್ಬರು ಕುಳಿತಂತೆ ತಮ್ಮವರೊಬ್ಬರು ಎದ್ದು ಹಿಂಬಾಗಿಲಿನಿಂದ ಹೊರಟರು. ಅಜ್ಜಿ ಮಾತ್ರ ಕೊನೆಯವರೆಗೂ ಕುಳಿತು ತಲೆದೂಗಿದರು, ಕೋಳಿ ಎರಡು ಸಲ ಆಕ್ಷೇಪ ಎತ್ತಿತು. ಲಾರೆನ್ಸ್ ಬಂದು ಎಣಿಸಿದಾಗ ನಿಜವಾದ ವಿದ್ಯಾರ್ಥಿಗಳೇ ಹದಿನಾರು ಮಂದಿ ಹೆಸರು ಬರೆಸಿದ್ದರು. ಹೆಸರುಗಳ ಹಾಳೆ ಹಿಡಿದುಕೊಂಡು ಖಾಲಿ ರೂಮಿನಲ್ಲಿ ನಿಂತಾಗ ನನಗೆ ಅಳು ಬಂತು. ಕೆಳಗಿಳಿದು "ಅಸಾಂಟೆ" ಎಂದು ಧನ್ಯವಾದ ಹೇಳಲು ಹೋದರೆ ತಾವು ಆಗಲೇ ನನ್ನ ಬ್ಯಾಗು ಎತ್ತಿಕೊಂಡಿದ್ದಿರಿ.

ಈಗ ನನ್ನ ಸಂಕಟ ಕೇಳಿ. ಯಾವ ದೋಷದಿಂದ ವಿದ್ಯಾರ್ಥಿಗಳು ಬಂದರೋ ಅದೇ ದೋಷವನ್ನು ಖಂಡಿಸುವ ಪಾಠವನ್ನು ಅವರಿಗೇ ಮಾಡುವುದು ಹೇಗೆ? ಎರಡು ವಾರ ನಾಲ್ಕನೆಯ ಅಧ್ಯಾಯವನ್ನು ತಪ್ಪಿಸಿಕೊಂಡು ಓಡಾಡಿದೆ. ಕೊನೆಗೆ ತಡೆಯಲಾರದೆ, ಕೋರ್ಸ್ ಹೋದರೆ ಹೋಗಲಿ ಎಂದು, ಕಳೆದ ಬುಧವಾರ ತರಗತಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡು, ಬೇಕಾದವರು ಹೆಸರು ಹಿಂದಕ್ಕೆ ಪಡೆಯಬಹುದೆಂದೆ. ಯಾರೂ ಹೆಸರು ಹಿಂದಕ್ಕೆ ಪಡೆಯಲಿಲ್ಲ. ಹಿಂದಿನ ಬೆಂಚಿನ ಅಕಿನ್ಯಿ ಎಂಬ ನರ್ಸ್ ಎದ್ದು, ತಾನೂ ದಿನವೂ ಅದೇ ಮಟಾಟುವಿನಲ್ಲಿ ಬರುವವಳೆಂದೂ, ಕೋಳಿಯನ್ನು ಕಂಡ ಕ್ಷಣವೇ ಎಲ್ಲರಿಗೂ ಗುಟ್ಟು ತಿಳಿದುಹೋಗಿತ್ತೆಂದೂ, ಆದರೂ ಪಾಠ ಕೇಳುತ್ತ ಕೇಳುತ್ತ ಎದ್ದುಹೋಗಲು ಮನಸ್ಸಾಗಲಿಲ್ಲವೆಂದೂ ಹೇಳಿದಳು. ಮಾನ್ಯರೇ, ತಾವು ಅವರನ್ನು ಕೂರಿಸಿದಿರಿ, ಉಳಿಸಿಕೊಂಡದ್ದು ನಾನು. ಇದೊಂದು ಮಾತನ್ನು ತಮ್ಮ ಮುಂದೆ ಹೇಳಿ ಗೆಲ್ಲಬೇಕೆಂದು ಆರು ದಿನದಿಂದ ಕಾಯುತ್ತಿದ್ದೇನೆ, ತಮ್ಮ ಸ್ಪೀಕರುಗಳು ಅವಕಾಶ ಕೊಡುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ಮುಂದಿನ ಬುಧವಾರ ನಾಲ್ಕನೆಯ ಅಧ್ಯಾಯವನ್ನು ತಾವೇ ಬಂದು ಬೋಧಿಸಬೇಕು, ಸ್ಪೀಕರುಗಳನ್ನು ಗಾಡಿಯಲ್ಲೇ ಬಿಟ್ಟು. ಅಂದಿನಿಂದ ತಪ್ಪದೆ ತರಗತಿಗೆ ಬರುತ್ತಿರುವ ಅಜ್ಜಿಯ ಹಾಜರಾತಿ ನನ್ನ ಕೆಲವು ವಿದ್ಯಾರ್ಥಿಗಳಿಗಿಂತ ಚೆನ್ನಾಗಿರುವುದರಿಂದ ಅವರಿಗೆ ಪ್ರಮಾಣಪತ್ರ ಕೊಡಿಸಲು ಕೋಳಿಯ ಒಪ್ಪಿಗೆ ಪಡೆದುಕೊಡಬೇಕು. ಮತ್ತು ನನ್ನ ಜೀವಮಾನದಲ್ಲಿ ಒಂದು ಸಲ, ಒಂದೇ ಒಂದು ಸಲ, "ಸಸಾ ಹಿವಿ" ಎಂದವರು ಆಗಲೇ ಹೊರಡಬೇಕು.

ಇಂತು, ಕಿಟಕಿ ಪಕ್ಕದ ಸೀಟಿನಲ್ಲಿ ಟೈ ಸರಿಪಡಿಸಿಕೊಂಡು ಕುಳಿತಿರುವ,
ತಮ್ಮ ವಿಶ್ವಾಸಿ,
ದ್ವಾರಕಾನಾಥ್

ತಾ.ಕ.: ಈ ಪತ್ರವನ್ನು ಮಡಚಿ ಜೇಬಿಗಿಡುವಷ್ಟರಲ್ಲಿ ಬಾಗಿಲ ಬಳಿ ತಾವು, "ಬನ್ನಿ ಬನ್ನಿ, ಒಂದೇ ಸೀಟು, ಮೇಷ್ಟ್ರು ಆಗ್ಲೇ ಕೂತಾಯ್ತು!" ಎಂದು ಅಚ್ಚಕನ್ನಡದಲ್ಲಿ ಕೂಗಿದ್ದು ಕೇಳಿಸಿತು. ನಮ್ಮ ಬಳಗದ ಇಬ್ಬರು ಮಹಿಳೆಯರು ಬೆರಗಾಗಿ ಹತ್ತಿಯೂಬಿಟ್ಟರು. ತಮಗೆ ಇದನ್ನು ಕಲಿಸಿದವರು ಯಾರೆಂದು ನಾನು ಕೇಳುವುದಿಲ್ಲ. ಮನೆಗೆ ಹೋಗಿ ಜಯಾಳನ್ನೇ ಕೇಳುತ್ತೇನೆ, ತಾವು ಗಾಡಿ ಹೊರಡಿಸಿದ ಮೇಲೆ.