ಗರಡಿ ಮಣ್ಣಿಗೆ ಒಲಿದ ಬಲಗೈ

ವೀರಭದ್ರಸ್ವಾಮಿ: ನನ್ನ ಮೈಗೆ ಸ್ಟೆರಾಯ್ಡ್ ಸೋಕಬಾರ್ದು ಅಂದ್ಮೇಲೆ ಸೋಕಬಾರ್ದು. ಆ ಟ್ಯೂಬ್ನ ತಿಪ್ಪೆಗೆ ಎಸಿ ಅಂತ ಅವತ್ತೇ ಏಳಿದ್ದೆ.

ಪ್ರೇಮಮ್ಮ: ಎಸೀತೀನಿ ಬುಡಿ. ತಿಪ್ಪೆಗಾದ್ರೂ ಬುದ್ಧಿ ಇದ್ರೆ ಅಚ್ಕೊಳ್ಲಿ.

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಮನೆಯ ಜಗುಲಿ. ವೀರಭದ್ರಸ್ವಾಮಿ ಒಂದು ಕಾಲದ ಪೈಲ್ವಾನರು, ಪ್ರೇಮಮ್ಮ ಅವರ ಹೆಂಡತಿ. ಈಗ ಅಖಾಡಕ್ಕೆ ಇಳಿಯುವುದು ಇಬ್ಬರು ಪೈಲ್ವಾನರ ಕೈ ಹಿಡಿದು, ಸೇರಿಸಿ, ಕುಸ್ತಿ ಬಿಡುವುದಕ್ಕೆ ಮಾತ್ರ. ಆ ಕೈಗಳಿಗೇ ಚರ್ಮ ಬಿರಿದು ಕೆರೆಯುವ ಇಸುಬು ಹತ್ತಿಕೊಂಡಿದೆ. ಹುಣಸೂರಿನ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, ಇದರಲ್ಲಿ ಸ್ಟೆರಾಯ್ಡ್ ಇದೆ, ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿ ಎಂದಿದ್ದರು. ಸ್ಟೆರಾಯ್ಡ್ ಎಂದ ಮೇಲಿನ ಮಾತು ಪೈಲ್ವಾನರ ಕಿವಿಗೆ ಬೀಳಲಿಲ್ಲ. ಅಂದಿನಿಂದ ದಿನಾ ಬೆಳಗ್ಗೆ ಎರಡೂ ಅಂಗೈಗೆ ಗರಡಿಯ ಕೆಮ್ಮಣ್ಣು ಮೆತ್ತಿಕೊಂಡು ಬಿಸಿಲಿಗೆ ಚಾಚಿ ಕೂರುತ್ತಾರೆ.

ವೀರಭದ್ರಸ್ವಾಮಿ: ಸ್ಟೆರಾಯ್ಡ್ ತಗೊಂಡು ಮೈ ಊದಿಸ್ಕೊಂಡ ಜಿಮ್ ಹುಡುಗರನ್ನ ನಾನೇ ಅಖಾಡದಿಂದ ಆಚೆ ಕಳ್ಸಿವ್ನಿ. ಈಗ ನಾನೇ ಬಳ್ಕೊಳ್ಲಾ?

ಪ್ರೇಮಮ್ಮ: ಅವರು ಚುಚ್ಚಿಸ್ಕೊಳ್ಳೋದೇ ಬೇರೆ, ಇದೇ ಬೇರೆ ಅಂತ ಡಾಕ್ಟ್ರು ಬುಡಿಸಿ ಬುಡಿಸಿ ಏಳಿದ್ರು. ಅಂಗೈಗೆ ತೆಳ್ಳಗೆ ಸವರಿದ್ರೆ ತೋಳು ಊದಲ್ಲ. ಊದೋ ವಯಸ್ಸೂ ಅಲ್ಲ ನಿಮ್ದು.

ವೀರಭದ್ರಸ್ವಾಮಿ: ಈ ಮಣ್ಣಲ್ಲಿ ಅರಿಶಿನ ಐತೆ, ತುಪ್ಪ ಐತೆ, ನಮ್ಮ ಉಸ್ತಾದ್ರ ಬೆವರು ಐತೆ.

ಪ್ರೇಮಮ್ಮ: ನನಗೂ ಅದೇ ಭಯ.

ವೀರಭದ್ರಸ್ವಾಮಿ: ಬಲಗೈ ನೋಡು. ಒಂದು ಬಿರುಕೈತಾ? ಕೆರೆತ ಐತಾ?

ಪ್ರೇಮಮ್ಮ: ಇಲ್ಲ. ಎಡಗೈ?

ವೀರಭದ್ರಸ್ವಾಮಿ: ಅದು ಸ್ವಲ್ಪ ನಿಧಾನ.

ಪ್ರೇಮಮ್ಮ: ಅದೇ ಮಣ್ಣು, ಅದೇ ಯಜಮಾನ್ರು. ಒಂದು ಕೈ ಪಾಸು, ಒಂದು ಕೈ ಫೇಲು.

ವೀರಭದ್ರಸ್ವಾಮಿ: ಗರಡಿಗೆ ಇಳಿಯೋವಾಗ ಮಣ್ಣು ಮುಟ್ಟಿ ಕಣ್ಣಿಗೊತ್ಕೊಳ್ಳೋದು ಬಲಗೈಲಿ ಕಣೇ. ಮಣ್ಣಿಗೆ ಅದರ ಗುರುತೈತೆ. ಎಡಗೈದು ಇನ್ನೂ ಪರಿಚಯ ಆಗ್ಬೇಕು.

ಪ್ರೇಮಮ್ಮ: ಆಗ್ಲಿ ಬುಡಿ, ಅವಸರ ಏನೈತೆ.

ವೀರಭದ್ರಸ್ವಾಮಿ: ಮಧ್ಯಾಹ್ನ ಮಲಗಿ ಎದ್ರೆ ಬಲಗೈ ಜಿಡ್ಡುಜಿಡ್ಡಾಗಿರ್ತದೆ. ಯಾಕೇಳು? ಬೆಳಗ್ಗೆ ಮೆತ್ತಿದ ತುಪ್ಪ ಒಳಗೋಗಿ, ರೋಗಾನ ತಳ್ಕೊಂಡು ಆಚೆ ಬತ್ತದೆ.

ಪ್ರೇಮಮ್ಮ: ಊಟಕ್ಕೆ ಮುಂಚೆ ಸೋಪಾಕಿ ತೊಳೆದ ಮೇಲೂ ಬತ್ತದಲ್ಲ. ಬಲೇ ಹಟದ ತುಪ್ಪ.

ಅಷ್ಟರಲ್ಲಿ ಕುಸ್ತಿ ಕಮಿಟಿಯ ಕಂಠಪ್ಪ ಬಂದು ಜಗುಲಿಯ ತುದಿಯಲ್ಲಿ ಕೂತರು. ಹೇಳಬೇಕಾದ ಮಾತು ಹಿತವಾದುದಲ್ಲ ಎಂದು ಅವರು ಕೂತ ರೀತಿಯೇ ಹೇಳುತ್ತಿತ್ತು.

ಕಂಠಪ್ಪ: ಪೈಲ್ವಾನ್ರೇ, ತಿಂಗಳ ಕೊನೇಲಿ ಪಿರಿಯಾಪಟ್ಟಣದಲ್ಲಿ ಕುಸ್ತಿ. ನಿಮ್ಮ ಕೈ ನೋಡ್ಕೊಂಡು ಬಾ ಅಂತ ಕಮಿಟಿಯೋರು ಕಳ್ಸವ್ರೆ. ಬೇಜಾರು ಮಾಡ್ಕಬ್ಯಾಡಿ. ಓದ್ಸಲ ಕುಸ್ತಿಗೆ ಇಳಿದ ಹುಡುಗ ಒಬ್ಬ ನಿಮ್ಮ ಕೈ ಹಿಡಿಯೋಕೆ ಟವಲ್ ಕೇಳ್ಬುಟ್ಟ.

ಟವಲಿನ ಮಾತು ಬಂದದ್ದೇ ಪೈಲ್ವಾನರ ಮುಖ ಸಣ್ಣದಾಯಿತು. ಅಖಾಡದಲ್ಲಿ ಬೆನ್ನು ಮಣ್ಣಿಗೆ ತಾಗಿದ ದಿನಗಳಲ್ಲೂ ಅವರಿಗೆ ಅಷ್ಟು ಅವಮಾನ ಆಗಿರಲಿಲ್ಲ. ಬಲಗೈ ಒರೆಸಿ ಮುಂದೆ ಚಾಚಿದರು.

ಕಂಠಪ್ಪ: ಇದು ಮಗೀನ ಕೈ ಇದ್ದಂಗೈತೆ. ಎಂಗಾಯ್ತು?

ವೀರಭದ್ರಸ್ವಾಮಿ: ಗರಡಿ ಮಣ್ಣು. ಎಡಗೈನೂ ಅಷ್ಟರಲ್ಲಿ ದಾರಿಗೆ ಬತ್ತದೆ.

ಕಂಠಪ್ಪ: ಅಂಗಾದ್ರೆ ನನ್ಗೂ ಒಂದು ಡಬ್ಬಿ ಕೊಡಿ. ಮೊಮ್ಮಗಳು ಭಾವನಾಗೆ ಮೊಣಕೈ ಮಡಿಕೇಲಿ ಇಸುಬು. ಕೆರ್ಕೊಂಡು ಕೆರ್ಕೊಂಡು ರಕ್ತ ಬರಸ್ಕತದೆ. ಅವಳಿಗೂ ಡಾಕ್ಟ್ರು ಮುಲಾಮು ಕೊಟ್ಟವ್ರೆ. ಸ್ಟೆರಾಯ್ಡ್ ಅಂತ ನಮ್ಮ ಸೊಸೆ ಎದ್ರಿ ಮುಚ್ಚಳಾನೇ ತೆಗೆದಿಲ್ಲ.

ವೀರಭದ್ರಸ್ವಾಮಿ: ತೆಗೀಲೇಬ್ಯಾಡಿ. ಪ್ರೇಮಾ, ಒಳಗಿಂದ ಒಂದು ಡಬ್ಬಿ ಮಣ್ಣು ತಾ.

ಅಲ್ಲಿಯವರೆಗೆ ಹಂಗಿಸಿ ಸುಮ್ಮನಾಗುತ್ತಿದ್ದ ಪ್ರೇಮಮ್ಮನಿಗೆ ಈಗ ನಿಜವಾಗಿ ಸಿಟ್ಟು ಬಂತು. ಗಂಡನ ಕೈಗೆ ಗಂಡ ಏನಾದರೂ ಮೆತ್ತಿಕೊಳ್ಳಲಿ, ರಕ್ತ ಬರುವ ಮಗುವಿನ ಮೈಗೆ ಮಣ್ಣು ಹೋಗುವುದನ್ನು ನೋಡಿಕೊಂಡು ಕೂರುವಂತಿರಲಿಲ್ಲ. ಒಳಗೆ ಹೋಗಿ, ತಳದಿಂದ ಸುರುಳಿ ಸುತ್ತಿದ ಟ್ಯೂಬೊಂದನ್ನು ತಂದು ಕಂಠಪ್ಪನ ಮುಂದೆ ಹಿಡಿದಳು.

ಪ್ರೇಮಮ್ಮ: ನೋಡಿ ಅಣ್ಣ, ನಮ್ಮ ಮನೆ ಗರಡಿ ಮಣ್ಣು.

ಕಂಠಪ್ಪ: ಇದು ಮುಲಾಮಲ್ವಾ ಅಕ್ಕ?

ಪ್ರೇಮಮ್ಮ: ಊಂ. ಊಟ ಆಗಿ ಇವರು ಗೊರಕೆ ಶುರು ಮಾಡಿದ ಮೇಲೆ ದಿನಾ ಬಲಗೈಗೆ ಸವರ್ತಿದ್ದೋಳು ನಾನು. ವಾಸಿಯಾದ ಮೇಲೆ ಡಾಕ್ಟ್ರನ್ನ ಕೇಳಿ ಇದನ್ನ ನಿಲ್ಸಿ, ಬರೀ ವ್ಯಾಸಲೀನ್ ಅಚ್ತಾ ಇವ್ನಿ. ತುಪ್ಪ ಒಳಗಿಂದ ಬತ್ತಿಲ್ಲ.

ಕಂಠಪ್ಪ: ಎಡಗೈಗೆ ಯಾಕೆ ಸವರ್ಲಿಲ್ಲ?

ಪ್ರೇಮಮ್ಮ: ಇವರು ಮಲಗೋದು ಎಡಮಗ್ಗುಲಿಗೆ. ಎಡಗೈ ತಲೆ ಅಡಿ ಇರ್ತದೆ. ಆ ತಲೆ ಎತ್ತೋಕೆ ನಾನೇನು ಪೈಲ್ವಾನಾ?

ಕಂಠಪ್ಪ ನಗು ತಡೆಯಲು ಕೆಮ್ಮಿದರು. ಕೆಮ್ಮು ಸ್ವಲ್ಪ ಜಾಸ್ತಿಯೇ ಆಯಿತು.

ಪ್ರೇಮಮ್ಮ: ಮಗೀಗೆ ಇದೂ ಬ್ಯಾಡ ಅಣ್ಣ. ಇದು ಅಂಗೈಯ ದಪ್ಪ ಚರ್ಮಕ್ಕೆ ಕೊಟ್ಟಿರೋ ಜೋರಿಂದು. ಅವಳಿಗೆ ಅಂತ ಕೊಟ್ಟಿರೋದರ ಮುಚ್ಚಳ ತೆಗೀರಿ. ಎಷ್ಟು ದಿನ, ಎಷ್ಟು ಅಚ್ಬೇಕು ಅಂತ ಡಾಕ್ಟ್ರನ್ನ ಕೇಳಿ. ಇವರನ್ನ ಕೇಳ್ಬ್ಯಾಡಿ.

ಪೈಲ್ವಾನರು ಒಂದು ಸಲ ಬಲಗೈ ನೋಡಿಕೊಂಡರು, ಒಂದು ಸಲ ಎಡಗೈ ನೋಡಿಕೊಂಡರು.

ವೀರಭದ್ರಸ್ವಾಮಿ: ನನ್ನ ಕೇಳ್ದೆ ಮಾಡ್ಬುಟ್ಯಲ್ಲ.

ಪ್ರೇಮಮ್ಮ: ಕೇಳಿದ್ರೆ ಮಾಡಿಸ್ಕತಿದ್ರಾ? ಆ ಹುಡುಗ ಟವಲ್ ಕೇಳಿದ ದಿನ ನೀವು ಮನೇಗೆ ಬಂದು ಊಟಾನೇ ಮಾಡ್ಲಿಲ್ಲ. ನನ್ಗೆ ನೋಡಕ್ಕಾಗ್ಲಿಲ್ಲ.

ಕಂಠಪ್ಪ ಹೆಗಲ ಮೇಲಿನ ಟವಲು ಕೊಡವಿ ಎದ್ದರು.

ಕಂಠಪ್ಪ: ಕಮಿಟಿಗೆ ಏನಂತ ಏಳ್ಲಿ? ಕುಸ್ತಿಗೆ ಇಬ್ರು ಬತ್ತಾರೆ. ಬಲಗಡೆಯೋನು ಕೈ ಹಿಡೀತಾನೆ. ಎಡಗಡೆಯೋನು?

ವೀರಭದ್ರಸ್ವಾಮಿ: ನಾನೇ ಬತ್ತೀನಿ ಅಂತ ಏಳು. ಅದಿರ್ಲಿ, ಗರಡಿಯೋನ ಮಾತು ಒಂದೇ. ಸ್ಟೆರಾಯ್ಡ್ನ ನಾನು ನನ್ನ ಕೈಯಾರೆ ಮುಟ್ಟಲ್ಲ.

ಎದ್ದು ಎರಡೂ ಕೈಯ ಮಣ್ಣು ತೊಳೆದುಕೊಂಡರು. ಒಳಗೆ ಹೋಗುವವರು ಬಾಗಿಲಲ್ಲಿ ನಿಂತು, ಹೆಂಡತಿಯ ಮುಖ ನೋಡದೆ ಹೇಳಿದರು.

ವೀರಭದ್ರಸ್ವಾಮಿ: ಊಟಕ್ಕಿಕ್ಕು ಪ್ರೇಮಾ. ಇವತ್ತು ಬಲಮಗ್ಗುಲಿಗೆ ಮಲಗ್ತೀನಿ.